ಮೇಷ್ಟ್ರಿಗೆ ಮಾತ್ರ ಪವರ್ ಕಟ್

ಇಂಗ್ಲಿಷಿನಿಂದ ನಮ್ಮ ಗುಬ್ಬಿ ಸೀಮೆಗೆ ಬಂದು ನೆಲೆಸಿದ ಮಾತುಗಳಲ್ಲಿ ಪವರ್‌ನಷ್ಟು ಮೈಮುರಿದು ದುಡಿಯುವ ಮಾತು ಇನ್ನೊಂದಿಲ್ಲ. ಬಸ್ಸು, ರೋಡು, ಪೆನ್ನು ಎಲ್ಲವೂ ಬಂದವು. ಆದರೆ ಅವಕ್ಕೆಲ್ಲ ಒಂದೊಂದೇ ಕೆಲಸ. ಪವರ್ ಹಾಗಲ್ಲ. ಕನ್ನಡಕಕ್ಕೂ ಪವರ್, ಮಾತ್ರೆಗೂ ಪವರ್, ಮೋಟ್ರಿಗೂ ಪವರ್, ಊರಮ್ಮನಿಗೂ ಪವರ್. ಚುನಾವಣೆ ಮುಗಿದರೆ ಯಾವುದೋ ಪಕ್ಷ ಪವರ್‌ಗೆ ಬರುತ್ತದೆ, ನಾಲ್ಕು ಹನಿ ಮಳೆ ಬಿದ್ದರೆ ಊರಿನ ಪವರ್ ಹೋಗುತ್ತದೆ. ಆಟೋ ಹಿಂದುಗಡೆ ಪುನೀತ್ ರಾಜ್‌ಕುಮಾರ್ ನಗುತ್ತಿದ್ದರೆ ಅದರ ಕೆಳಗೂ ಪವರ್ ಸ್ಟಾರ್. 2014ರಲ್ಲಿ ಅವರದೇ ‘ಪವರ್’ ಸಿನಿಮಾ ಬಂದಾಗ ನಮ್ಮ ಶಾಲೆಯ ಹುಡುಗರು ಆ ಪದದ ಸ್ಪೆಲ್ಲಿಂಗನ್ನು ತಪ್ಪಿಲ್ಲದೆ ಬರೆದರು. ನನ್ನ ಬೋಧನೆಯ ಫಲ ಅಂತ ಹೆಡ್‌ಮೇಷ್ಟ್ರ ಮುಂದೆ ಹೇಳಿಕೊಂಡೆ. ಅವರು ಪೋಸ್ಟರು ನೋಡಿದ್ದರು.

ಬಿದರೆಹಳ್ಳ ಕಾವಲಿಗೆ ಹತ್ತಿರದ ಊರು ನಮ್ಮದು. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಪವರ್ ಅನ್ನುವುದಕ್ಕೆ ಎಷ್ಟು ಅರ್ಥ ಅಂತ ನಿದ್ದೆಗಣ್ಣಿನಲ್ಲಿ ಕೇಳಿದರೂ ಒಪ್ಪಿಸುತ್ತೇನೆ: ಅಧಿಕಾರ, ಬಲ, ಸಾಮರ್ಥ್ಯ, ವಿದ್ಯುತ್ತು, ಪ್ರಭುತ್ವ, ಲೆಕ್ಕದಲ್ಲಿ ಘಾತ. ಇಷ್ಟೆಲ್ಲದರಲ್ಲಿ ಮನೆಯೊಳಗೆ ನನ್ನ ಪಾಲಿಗೆ ಬಂದದ್ದು ಕನ್ನಡಕದ ಪವರ್ ಒಂದೇ. ಉಳಿದದ್ದೆಲ್ಲ ಹೆಂಗಸರ ಖಾತೆಯಲ್ಲಿದೆ.

ಆ ಕನ್ನಡಕದ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಚಾಳೀಸು ಬಂದು ಮೂರು ನಂಬರು ಬದಲಾದ ಮೇಲೆ ಡಾಕ್ಟರು ‘ಎರಡೂವರೆ ಪವರ್’ ಅಂತ ಬರೆದುಕೊಟ್ಟರು. ಮನೆಗೆ ಬಂದು, ‘ಅವ್ವಾ, ನನಗೀಗ ಎರಡೂವರೆ ಪವರ್’ ಅಂದೆ. ನಮ್ಮವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ಅಷ್ಟಾದ್ರೂ ಬಂತಲ್ಲ ಬಿಡಪ್ಪ, ದೇವ್ರು ಒಳ್ಳೇದು ಮಾಡ್ಲಿ’ ಅಂದಳು. ಎರಡೂವರೆ ಪವರ್ ಅಂದರೆ ಮಸೂರದ ನಾಭಿ ದೂರ 40 ಸೆಂಟಿಮೀಟರ್, ಪೇಪರ್ ಹಿಡಿದುಕೊಂಡು ಓದುವಷ್ಟು ದೂರ. ಅದರಾಚೆಗೆ ನಡೆಯುವ ಯಾವ ವ್ಯವಹಾರವೂ ಆ ಕನ್ನಡಕದಲ್ಲಿ ನನಗೆ ಸರಿಯಾಗಿ ಕಾಣುವುದಿಲ್ಲ. ಮನೆ ಇಷ್ಟು ವರ್ಷ ಸುಗಮವಾಗಿ ನಡೆದದ್ದಕ್ಕೆ ಇದೇ ಕಾರಣ ಅಂತ ನಮ್ಮ ಮನೆಯವಳ ಅಭಿಪ್ರಾಯ.

ಅವ್ವನ ಹತ್ತಿರ ಇರುವುದು ಹೋಮಿಯೋಪಥಿ ಪವರ್. ಮಂಡಿನೋವಿಗೆ ಅವಳು ನುಂಗುವ ಸಕ್ಕರೆ ಗುಳಿಗೆಗೆ ಮೊದಲು 30 ಪವರ್ ಇತ್ತು, ಈಗ 200. ‘ಇನ್ನೂರು ಪವರು ಕಣೋ, ನಿನಗೆ ತಡೆಯಕ್ಕಾಗಲ್ಲ’ ಅಂತ ಡಬ್ಬಿಯನ್ನು ನನ್ನ ಕೈಗೆ ಎಟುಕದಂತೆ ಇಟ್ಟಿರುತ್ತಾಳೆ. ಅದರ ಲೆಕ್ಕ ಮಾತ್ರ ಮಜವಾಗಿದೆ. 30 ಅಂದರೆ ಮೂಲ ಮದ್ದನ್ನು ನೂರಕ್ಕೆ ಒಂದರಂತೆ ತೆಳುಮಾಡಿ, ಅದನ್ನೇ ಮತ್ತೆ ನೂರಕ್ಕೆ ಒಂದರಂತೆ, ಹೀಗೆ ಮೂವತ್ತು ಸಲ. 200 ಅಂದರೆ ಇನ್ನೂರು ಸಲ. ಪವರ್ ಏರಿದಷ್ಟೂ ಮೂಲವಸ್ತು ಇಳಿಯುತ್ತ ಹೋಗುತ್ತದೆ. ನಿವೃತ್ತಿಯಾದ ಮೇಲೆ ಮನೆಯ ಯಜಮಾನ, ಹಿರಿಯರು, ದೊಡ್ಡವರು ಅಂತ ನನ್ನ ಬಿರುದುಗಳು ಏರಿದ ಕ್ರಮವೂ ಇದೇ. ಈಗ ನಾನು ಇನ್ನೂರರ ಹತ್ತಿರ ಹತ್ತಿರ ಇದ್ದೇನೆ.

ನಮ್ಮ ಕಡೆ ಮನೆಯೊಳಗಿನದು ಕರೆಂಟು, ತೋಟದ್ದು ತ್ರೀ ಫೇಸು. ಈ ಭೇದ ಗೊತ್ತಿಲ್ಲದವರನ್ನು ಬೆಂಗಳೂರಿನವರು ಅನ್ನುತ್ತೇವೆ. ಮನೆಗೆ ಸಿಂಗಲ್ ಫೇಸ್ ಸಾಕು. ಕೊಳವೆಬಾವಿಯ ಐದು ಎಚ್‌ಪಿ ಮೋಟ್ರು ಎದ್ದು ನೀರೆತ್ತಬೇಕಾದರೆ ಮೂರೂ ಫೇಸ್ ಬರಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅಂತ ಲೆಕ್ಕ. ಆ ಏಳು ಗಂಟೆಯಲ್ಲಿ ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ. ಪುಕ್ಕಟೆ ಬರುವ ನೆಂಟರು ಹೊತ್ತುಗೊತ್ತು ನೋಡಿಕೊಂಡು ಬರುತ್ತಾರೆಯೇ?

ಹಾಗಾಗಿ ತೆಂಗು, ಅಡಿಕೆ ಇಟ್ಟುಕೊಂಡ ಗುಬ್ಬಿ ತಾಲ್ಲೂಕಿನ ಗಂಡಸರಿಗೆ ರಾತ್ರಿಯ ನಿದ್ದೆ ಅನ್ನುವುದು ಮಂಜೂರಾಗಿ ಬಾಕಿ ಇರುವ ಸವಲತ್ತು. ನಮ್ಮ ಮನೆಯವಳಿಗೆ ತ್ರೀ ಫೇಸ್ ಬಂದದ್ದು ಹೇಗೆ ತಿಳಿಯುತ್ತದೋ ನನಗಿನ್ನೂ ಬಗೆಹರಿದಿಲ್ಲ. ಪಕ್ಕದ ತೋಟದ ಪೈಪಿನಲ್ಲಿ ನೀರು ಕೆಮ್ಮಿದ ಸದ್ದಾಗುತ್ತದಂತೆ. ನಟ್ಟಿರುಳಲ್ಲಿ ‘ರೀ, ತ್ರೀ ಫೇಸ್ ಬಂತು, ಏಳಿ’ ಅನ್ನುತ್ತಾಳೆ. ಎದ್ದು, ಪಂಚೆ ಬಿಗಿದು, ಬ್ಯಾಟರಿ ಹಿಡಿದು, ಹಾವಿಗೆ ಹೆದರಿ ಕಾಲು ಝಾಡಿಸುತ್ತ ಹೋಗಿ ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿ ಒತ್ತುವ ಹೊತ್ತಿಗೆ ಅದು ಹೋಗಿರುತ್ತದೆ. ವಾಪಸು ಬಂದು ಮಲಗಿದರೆ, ‘ಬಂತು ಕಣ್ರೀ’. ಪವರ್ ಕಮ್ಸ್, ಪವರ್ ಗೋಸ್ ಅಂತ ಎಷ್ಟೋ ಬ್ಯಾಚಿನ ಮಕ್ಕಳಿಗೆ ಸಿಂಪಲ್ ಪ್ರೆಸೆಂಟ್ ಟೆನ್ಸಿನ ಉದಾಹರಣೆ ಕೊಟ್ಟಿದ್ದೆ. ಆ ವಾಕ್ಯಗಳ ನಡುವಿನ ಅಂತರ ಮುನ್ನೂರು ಹೆಜ್ಜೆ ಅಂತ ಪಾಠದಲ್ಲಿ ಇರಲಿಲ್ಲ.

ಇದನ್ನು ನೋಡಲಾರದೆ ಬೆಂಗಳೂರಿನಲ್ಲಿರುವ ಮಗ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಟ್ಟ. ಡಬ್ಬಿಯೊಳಗೆ ಒಂದು ಸಿಮ್. ಮನೆಯಿಂದ ಫೋನ್ ಮಾಡಿದರೆ ತೋಟದಲ್ಲಿ ಮೋಟ್ರು ಶುರು. ಸಿಕ್ಕ ಸಿಕ್ಕವರು ಫೋನ್ ಮಾಡಿ ಮೋಟ್ರು ಸುಡಬಾರದು ಅಂತ ನೋಂದಾಯಿಸಿದ ನಂಬರಿನ ಮಾತನ್ನಷ್ಟೇ ಅದು ಕೇಳುತ್ತದೆ. ಮಗ ನೋಂದಾಯಿಸಿದ್ದು ಅವನ ಅಮ್ಮನ ನಂಬರು. ‘ಅಪ್ಪಾ, ನೀವು ಜೇಬಲ್ಲಿಟ್ಟುಕೊಂಡೇ ಯಾರಿಗೋ ಕಾಲ್ ಮಾಡಿಬಿಡ್ತೀರ’ ಅಂದ. ನಾನು ಕದ್ದು ಒಂದು ಸಲ ಮೋಟ್ರಿಗೆ ಫೋನ್ ಮಾಡಿ ನೋಡಿದೆ. ರಿಂಗಾಗಿ ಕಟ್ ಆಯಿತು. ಈಗ ತಮಾಷೆ ಏನೆಂದರೆ, ರಾತ್ರಿ ಅವಳು ಮಲಗಿದಲ್ಲಿಂದಲೇ ಮೋಟ್ರು ಹಾಕುತ್ತಾಳೆ, ಆಮೇಲೆ ನನ್ನನ್ನು ಎಬ್ಬಿಸುತ್ತಾಳೆ: ‘ಹೋಗಿ ನೀರು ಬರ್ತಿದೆಯಾ ನೋಡ್ಬನ್ನಿ.’

ಇಂಥ ಮನೆಯಿಂದ ನೆಟ್ಟಗೆ ನೋಡಿದರೆ ಕಾಣುವ ಬಿದರೆಹಳ್ಳ ಕಾವಲಿನ ಬಯಲಿನಲ್ಲಿ ದೇಶದ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಕಾವಲ್ ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು. ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆಗೆ 2016ರ ಜನವರಿ 3ರಂದು ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. ಎರಡಕ್ಕೂ ಪ್ರಧಾನಿ ಮೋದಿಯವರೇ ಬಂದಿದ್ದರು. ಮೊದಲಿಗೆ ವರ್ಷಕ್ಕೆ 30, ಆಮೇಲೆ 60, ಮುಂದೆ 90 ಹೆಲಿಕಾಪ್ಟರ್ ಅಂತ ಗುರಿ. ಇಲ್ಲಿ ಮೊದಲು ಮಾಡುವುದು ಎಲ್‌ಯುಎಚ್ ಅನ್ನುವ ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರು, ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ. ಚೇತಕ್ ಅಂದರೆ ರಾಣಾ ಪ್ರತಾಪನ ಕುದುರೆ. ಹಾರುವ ಯಂತ್ರಕ್ಕೂ ನಾವು ಕುದುರೆಯ ಹೆಸರನ್ನೇ ಇಟ್ಟಿದ್ದೆವು.

ಹೊಸದರ ಎಂಜಿನ್ನಿನ ಹೆಸರು ಶಕ್ತಿ. ಎಚ್‌ಎಎಲ್ ಮತ್ತು ಫ್ರೆಂಚ್ ಕಂಪನಿ ಕೂಡಿ ಮಾಡಿದ್ದು. ಇದನ್ನು ಪೇಪರಿನಲ್ಲಿ ಗಟ್ಟಿಯಾಗಿ ಓದಿ ಹೇಳಿದಾಗ ಅವ್ವನ ಕಿವಿ ನೆಟ್ಟಗಾಯಿತು.

‘ಶಕ್ತೀನಾ? ಹಂಗಾರೆ ಆಧಾರ್ ಕಾರ್ಡ್ ತೋರ್ಸಿದ್ರೆ ಅದ್ರಲ್ಲೂ ಬಿಡ್ತಾರಾ?’

2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಅಂದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಬೇರೆ ಶಕ್ತಿ ಇದೆ ಅಂತ ಅವಳಿಗೆ ಯಾರೂ ಹೇಳಿಲ್ಲ. ನಾನು ವಿವರಿಸಲು ಹೋದೆ: ‘ಇದು ಎಂಜಿನ್ನು ಕಣವ್ವ. 750 ಕಿಲೋವ್ಯಾಟು. ಅಂದ್ರೆ ಹತ್ತಿರ ಹತ್ತಿರ ಸಾವಿರ ಎಚ್‌ಪಿ. ನಮ್ಮ ತೋಟದ್ದು ಐದು ಎಚ್‌ಪಿ ಅಲ್ವಾ, ಅಂಥ ಇನ್ನೂರು ಮೋಟ್ರು ಒಟ್ಟಿಗೆ ಓಡಿದಂಗೆ.’ ಅವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಇನ್ನೂರು ಮೋಟ್ರಿಗೆ ನೀರೆಲ್ಲಿದೆ?’ ಅಂದಳು. ಹೇಮಾವತಿ ನೀರಿಗೆ ಗುಬ್ಬಿಯವರು, ಕುಣಿಗಲ್‌ನವರು ಬಡಿದಾಡುವುದನ್ನು ಕಂಡ ಯಾರೂ ಇದಕ್ಕೆ ಉತ್ತರ ಕೊಡಲಾರರು.

ಕುದುರೆ ವಿಷಯ ಬಂತಲ್ಲ, ನನ್ನ ಮಾನ ಹೋದದ್ದೂ ಅದರಿಂದಲೇ. ರಜಕ್ಕೆ ಮೊಮ್ಮಗಳು ಬಂದಿದ್ದಳು, ಒಂಬತ್ತನೇ ಕ್ಲಾಸು. ವಿಜ್ಞಾನ ಪುಸ್ತಕದಲ್ಲಿ ಪವರ್ ಅಂದರೆ ಸಾಮರ್ಥ್ಯ. ಮಾಡಿದ ಕೆಲಸವನ್ನು ಹಿಡಿದ ಕಾಲದಿಂದ ಭಾಗಿಸಬೇಕು. ‘ತಾತ, ಹಾರ್ಸ್ ಪವರ್ ಅಂದ್ರೆ ನಿಜವಾಗ್ಲೂ ಕುದುರೇದಾ?’ ಅಂತ ಕೇಳಿದಳು. ನನಗೆ ಹಳೆಯ ಮೇಷ್ಟ್ರಗಿರಿ ಕೆರಳಿತು. ಜೇಮ್ಸ್ ವ್ಯಾಟ್ ತನ್ನ ಹಬೆಯಂತ್ರ ಮಾರಬೇಕಾಗಿತ್ತು, ಕೊಳ್ಳುವವರಿಗೆ ಗೊತ್ತಿದ್ದದ್ದು ಗಾಣ ತಿರುಗಿಸುವ ಕುದುರೆ. ಅದಕ್ಕೇ ಇಷ್ಟು ಕುದುರೆಗೆ ಸಮ ಅಂತ ಲೆಕ್ಕ ಹಾಕಿದ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ದಷ್ಟಪುಷ್ಟ ಕುದುರೆ ಅರೆಗಳಿಗೆ ಉಸಿರು ಕಟ್ಟಿ ಎಳೆದರೆ ಹದಿನಾಲ್ಕು ಹದಿನೈದು ಎಚ್‌ಪಿ ಕೂಡ ಕೊಡಬಲ್ಲದು. ಬೇಕಾದರೆ ಕುಣಿಗಲ್‌ಗೆ ಕರೆದುಕೊಂಡು ಹೋಗುತ್ತೇನೆ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು, ಸ್ಟಡ್ ಫಾರಂ ಇದೆ, ಅಂದೆ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

‘ಕುಣಿಗಲ್ ಯಾಕೆ ತಾತ, ನಿಮ್ಮದೇ ಅಳೆಯೋಣ’ ಅಂದಳು. ಹತ್ತು ಕೆಜಿ ತೂಗುವಷ್ಟು ನೀರು ತುಂಬಿದ ಬಿಂದಿಗೆ ಹಿಡಿದು ಕೆಳಗಿನಿಂದ ತಾರಸಿಗೆ ಹತ್ತಬೇಕು, ಮೂರು ಮೀಟರ್ ಎತ್ತರ, ಫೋನಿನಲ್ಲಿ ಟೈಮು. ನನ್ನ ತೂಕ ಎಪ್ಪತ್ತು. ಹತ್ತಿದೆ. ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ತೋಟದ ಕಡೆ ಸ್ವಲ್ಪ ನೋಡಿದೆ ಅಷ್ಟೆ. ನಲವತ್ತು ಸೆಕೆಂಡು. ಮೊಮ್ಮಗಳು ಗುಣಿಸಿ ಭಾಗಿಸಿ, ‘ತಾತ, ಐವತ್ತೊಂಬತ್ತು ವ್ಯಾಟ್’ ಅಂದಳು.

ಅಷ್ಟರಲ್ಲಿ ನಮ್ಮ ಮನೆಯವಳು, ತಾರಸಿಯ ಮೇಲೆ ಒಣಹಾಕಿದ್ದ ಹಪ್ಪಳಕ್ಕೆ ಕಾಗೆ ಬಂತು ಅಂತ, ಪರೀಕ್ಷೆ ನಡೆಯುತ್ತಿರುವುದು ಗೊತ್ತಿಲ್ಲದೆ ಇನ್ನೊಂದು ಬಿಂದಿಗೆ ಸಮೇತ ಧಡಧಡ ಹತ್ತಿ ಬಂದಳು. ಹುಡುಗಿ ಟೈಮು ಹಿಡಿದೇ ಇದ್ದಳು. ಹದಿನೈದು ಸೆಕೆಂಡು, ಅವಳದು ಐವತ್ತೈದು ಕೆಜಿ, ಬಿಂದಿಗೆ ಸೇರಿ ಅರವತ್ತೈದು. 127 ವ್ಯಾಟ್! ನನಗಿಂತ ಹದಿನೈದು ಕೆಜಿ ಕಡಿಮೆ, ಪವರ್ ಎರಡು ಪಟ್ಟಿಗೂ ಮೇಲೆ. ‘ಅಜ್ಜಿ ನೂರಿಪ್ಪತ್ತೇಳು, ತಾತ ಅರವತ್ತು ಕ್ಯಾಂಡ್ಲು ಬಲ್ಬು’ ಅಂತ ಮೊಮ್ಮಗಳು ಕೆಳಗಿಳಿದು ಮುತ್ತಜ್ಜಿಗೆ ವರದಿ ಕೊಟ್ಟಳು. ಒಂದು ಕುದುರೆಗೆ ನನ್ನಂಥ ಹನ್ನೆರಡು ಹದಿಮೂರು ಮೇಷ್ಟ್ರು ಬೇಕಾಗುತ್ತಾರೆ ಅನ್ನುವ ಲೆಕ್ಕವನ್ನೂ ಅವಳೇ ಮಾಡಿದಳು. ಒಂದು ಪ್ರೌಢಶಾಲೆಯ ಪೂರ್ತಿ ಸ್ಟಾಫು. ಕುಣಿಗಲ್ ಪ್ರವಾಸ ಅಲ್ಲಿಗೇ ರದ್ದಾಯಿತು. ಕುದುರೆಗಳ ಮುಖ ನೋಡುವ ಧೈರ್ಯ ನನಗೂ ಉಳಿದಿರಲಿಲ್ಲ.

ಮಾನ ಹೋದ ಮೇಲೆ ದುಡ್ಡೂ ಹೋದ ಕಥೆ ಕೇಳಿ. ಕರೆಂಟು ಉಳಿಸುವುದು ನನ್ನ ಹುಟ್ಟುಗುಣ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆ ತುಂಬ ಸೋಲಾರ್ ಹಲಗೆ ಹಾಸಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಮಾಡಿದ್ದಾರೆ. ನಾನು ಮಾತ್ರ ಅಟ್ಟದ ಒಂಬತ್ತು ವ್ಯಾಟಿನ ಬಲ್ಬಿಗಾಗಿ ಹೆಂಡತಿಯೊಡನೆ ವರ್ಷಗಟ್ಟಲೆ ಯುದ್ಧ ಮಾಡಿದ್ದೇನೆ. ಒಬ್ಬರು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದರೆ ಹಿಂದೆಯೇ ನಾನು ಹೋಗಿ ಸ್ವಿಚ್ ಆರಿಸುತ್ತಿದ್ದೆ. ಒಮ್ಮೆ ಬಚ್ಚಲಲ್ಲಿ ಅವ್ವ ಇರುವಾಗಲೇ ಆರಿಸಿದ್ದೆ. ಆಗ ಒಳಗಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಫ್ರಿಜ್ಜನ್ನು ಚಳಿಗಾಲದಲ್ಲಿ ಆಫ್ ಮಾಡಿಡುತ್ತಿದ್ದೆ. ಬಿಲ್ಲು ಬಂದಾಗ ಊರಿನಲ್ಲಿ ನಮ್ಮದೇ ಕಡಿಮೆ ಅಂತ ಲೈನ್‌ಮನ್ನಿನ ಬಾಯಲ್ಲಿ ಹೇಳಿಸಿ ಹೆಂಡತಿಗೆ ಕೇಳಿಸುತ್ತಿದ್ದೆ.

ಆಮೇಲೆ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗೆ ಪುಕ್ಕಟೆ, 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ಲು. ಊರೆಲ್ಲ ಸಂಭ್ರಮ. ಆದರೆ ಒಳಗೊಂದು ಕೊಕ್ಕೆ ಇತ್ತು: ಎಷ್ಟು ಯೂನಿಟ್ ಪುಕ್ಕಟೆ ಅನ್ನುವುದು 2022-23ರಲ್ಲಿ ಆಯಾ ಮನೆ ಬಳಸಿದ ಸರಾಸರಿಯ ಮೇಲೆ, ಜೊತೆಗೆ ಶೇ 10. ಯಾವ ವರ್ಷದ ಸರಾಸರಿ? ನನ್ನ ಸ್ವಿಚ್ ಚಳವಳಿ ತುತ್ತತುದಿಗೆ ಏರಿದ್ದ ವರ್ಷದ್ದು! ನಮ್ಮ ಸರಾಸರಿ ಅರವತ್ತು ಯೂನಿಟ್ಟಿನ ಆಸುಪಾಸು. ಎದುರು ಮನೆಯವರು ಗೋಡೆಗೂ ಟೀವಿ ತೋರಿಸುವ ಜನ, ದನಕ್ಕೂ ಗೀಸರ್ ನೀರು. ಅವರದು ನೂರೈವತ್ತರ ಮೇಲೆ. ಈಗ ಅವರು ಅಷ್ಟನ್ನೂ ಬಿಟ್ಟಿ ಉರಿಸುತ್ತಾರೆ. ನಾವು ಅರವತ್ತಾರು ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು.

ಆವತ್ತು ನಮ್ಮ ಮನೆಯವಳು ಬಿಲ್ಲನ್ನು ಎರಡೂ ಕಡೆ ತಿರುಗಿಸಿ ನೋಡಿ, ಮಡಿಸಿ, ದೇವರ ಮನೆಯ ಗೂಡಿನಲ್ಲಿಟ್ಟಳು. ‘ಒಬ್ರು ಮೇಷ್ಟ್ರು ಉಳಿಸಿದ್ರೆ ಎದುರುಮನೆಯೋರಿಗೆ ಬಿಸಿನೀರು’ ಅಂದಳು. ಅಷ್ಟೇ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸಮಾಧಾನ ಹೇಳೋಣ ಅಂತ ನಾನು ಚರಿತ್ರೆ ತೆಗೆದೆ. ‘ನೋಡು, 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು ಜನರ ಮನೆಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.’ ಅವಳು ತನ್ನ ಕತ್ತು ಮುಟ್ಟಿಕೊಂಡು, ‘ಚಿನ್ನ ಇದ್ದೋರ ಹತ್ರ ಪವರ್ ಮೊದ್ಲು ಹೋಗುತ್ತೆ ಅಂತ ಆಗ್ಲೇ ಗೊತ್ತಿತ್ತು ಅನ್ನಿ. ಎರಡೆಳೆ ಸರ ಯಾವಾಗ ಮಾಡಿಸ್ತೀರ?’ ಅಂದಳು. ಚರಿತ್ರೆ ಇನ್ನೂ ಬಾಕಿ ಇತ್ತು, ನಿಲ್ಲಿಸಿದೆ.

ಸರ ಬಾರದಿದ್ದರೂ ಶಕ್ತಿ ಬಂದಿದೆ. ಅವ್ವನನ್ನು ನನಗೆ ಒಪ್ಪಿಸಿ ನಮ್ಮ ಮನೆಯವಳು ಊರ ಹೆಂಗಸರೊಂದಿಗೆ ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ಸವದತ್ತಿ ಎಲ್ಲವನ್ನೂ ಮುಗಿಸಿದ್ದಾಳೆ. ಇಬ್ಬರೂ ಕೂಡಿ ತುಮಕೂರಿಗೆ ಹೊರಟರೆ ಅವಳಿಗೆ ಶೂನ್ಯ ಟಿಕೆಟ್, ನನಗೆ ಪೂರ್ತಿ ಚಾರ್ಜು. ಗಂಡಸರಿಗೂ ಅರ್ಧ ಸೀಟು ಮೀಸಲಿದೆ ಅಂತ ನಿಯಮ ಇದೆ. ನಾನು ಒಮ್ಮೆ ಎದ್ದು ನಿಂತು ಅದನ್ನು ಬಸ್ಸಿನಲ್ಲಿ ಜ್ಞಾಪಿಸಿದೆ. ಎದ್ದು ನಿಂತದ್ದೇ ತಪ್ಪಾಯಿತು. ಕೂತಿದ್ದ ಸೀಟೂ ಹೋಯಿತು.

ಈಗ ಕೊನೆಯ ಪವರ್. ತೋಟದ ಪೋಡಿ, ಖಾತೆ ಅಂತ ತಾಲ್ಲೂಕು ಕಚೇರಿಗೆ ಅಲೆದು ನನ್ನ ಮಂಡಿಯೂ ಅವ್ವನದರಂತಾಯಿತು. ನಮ್ಮ ಮನೆಯವಳ ಹೆಸರಿಗೆ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಬರೆದುಕೊಡುವುದೆಂದು ತೀರ್ಮಾನವಾಯಿತು. ಹಿಂದಿನವರು ಇದನ್ನು ಮುಖ್ತ್ಯಾರ್‌ನಾಮೆ ಅನ್ನುತ್ತಿದ್ದರು. ‘ಪವರ್ ಬರ್ಕೊಡಕ್ಕೆ ಹೋಗ್ತಿದೀನವ್ವ’ ಅಂದರೆ ಅವ್ವನಿಗೆ ಪೌಡರ್ ಅಂತ ಕೇಳಿಸಿತು. ‘ಈ ವಯಸ್ನಲ್ಲಿ ಯಾಕೋ?’ ಅಂದಳು.

ಪತ್ರಬರಹಗಾರರು ಕರಡು ಓದಿದರು: ನನ್ನ ಪರವಾಗಿ ಎಲ್ಲ ಕಚೇರಿಗಳಲ್ಲಿ ಹಾಜರಾಗಲು, ಅರ್ಜಿ ಕೊಡಲು, ಸಹಿ ಮಾಡಲು, ವಾದಿಸಲು, ರಾಜಿಯಾಗಲು, ಹಣ ಪಡೆದು ರಸೀತಿ ಕೊಡಲು, ಅವರು ಮಾಡಿದ ಎಲ್ಲ ಕೆಲಸಗಳನ್ನು ನಾನೇ ಮಾಡಿದಂತೆ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯವಳು ಪೂರ್ತಿ ಕೇಳಿಸಿಕೊಂಡು ಅವರನ್ನೇ ಕೇಳಿದಳು: ‘ಇದನ್ನೆಲ್ಲ ಮದುವೆ ಆದಾಗಿಂದ ಮಾಡ್ತಾನೇ ಇದೀನಲ್ಲ ಸ್ವಾಮಿ, ಇದಕ್ಕೆ ಕಾಗದ ಯಾಕೆ?’ ಪತ್ರಬರಹಗಾರರು ನನ್ನ ಕಡೆ ನೋಡಿದರು. ನಾನು ಸಹಿ ಮಾಡಿದೆ.

ಮೇಷ್ಟ್ರಾದದ್ದಕ್ಕೆ ಕಾನೂನನ್ನೂ ಓದಿಕೊಂಡಿದ್ದೇನೆ. ಜಿಪಿಎ ಕೊಟ್ಟ ಮಾತ್ರಕ್ಕೆ ಆಸ್ತಿಯ ಒಡೆತನ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಖಡಾಖಂಡಿತ ಹೇಳಿದೆ. ಇಂಥ ಸಾದಾ ಜಿಪಿಎಯನ್ನು ಕೊಟ್ಟವನು ಬೇಕೆಂದಾಗ ರದ್ದು ಮಾಡಲೂಬಹುದು. ನಾನು ಮಾಡುವುದಿಲ್ಲ. ಕಾರಣ ಪ್ರೀತಿ ಅಂತ ನೀವು ಅಂದುಕೊಂಡರೆ ನನ್ನದೇನೂ ಅಡ್ಡಿಯಿಲ್ಲ. ನಿಜ ಕಾರಣ ಬೇರೆ. ‘ನನಗಿರುವ ಪವರನ್ನು ಈ ಮೂಲಕ ಕೊಟ್ಟಿದ್ದೇನೆ’ ಅಂತ ಆ ಪತ್ರದಲ್ಲಿದೆ. ಕೊಟ್ಟೆ ಅಂತ ಬರೆದರೆ ಅದಕ್ಕೂ ಮೊದಲು ಇತ್ತು ಅಂತ ಅರ್ಥ. ನನಗೆ ಒಂದು ಕಾಲದಲ್ಲಿ ಪವರ್ ಇತ್ತು ಅನ್ನುವುದಕ್ಕೆ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಸಮಕ್ಷಮ ಹುಟ್ಟಿದ ಏಕೈಕ ದಾಖಲೆ ಅದು. ರದ್ದು ಮಾಡಿ ಕಳೆದುಕೊಳ್ಳಲೇ?

ನಮ್ಮ ಕಡೆ ಕಾರ್ಖಾನೆ ನೋಡಲು ಬರುವವರಿಗೆ ಒಂದು ಮಾತು. ಒಳಗೆ ಬಿಡಿಸಿಕೊಡಿ ಅಂತ ನನ್ನನ್ನು ಕೇಳಬೇಡಿ, ರಕ್ಷಣಾ ಇಲಾಖೆಯ ಜಾಗ, ಪಾಸಿಲ್ಲದೆ ಬಿಡುವುದಿಲ್ಲ. ಮನೆಗೆ ಮಾತ್ರ ಖಂಡಿತ ಬನ್ನಿ, ಮುದ್ದೆ ಊಟ ಮಾಡಿಕೊಂಡು ಹೋಗಿ. ಬರುವ ಹಿಂದಿನ ದಿನವೇ ಫೋನ್ ಮಾಡಿ, ನನಗಲ್ಲ, ಅವಳಿಗೆ.